ಮತ್ತೊಂದು ಕರೆಯಲ್ಲಿದ್ದಾರೆ

ಶಾಲೆಯಿಂದ ಫೋನ್ ಬಂದಾಗ ಅನು ಗಿರಾಕಿಯೊಬ್ಬರ ಮೂಗಿನ ಮೇಲೆ ಹೊಸ ಕನ್ನಡಕ ಕೂರಿಸಿ, ಕಿವಿಯ ಹಿಂದೆ ಕಡ್ಡಿ ಒತ್ತುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದಳು.

"ಮೇಡಂ, ನಿಮ್ಮ ಪಾಪೂನ ಕರ್ಕೊಂಡು ಹೋಗೋಕೆ ಯಾರೂ ಬಂದಿಲ್ಲ. ಮುಕ್ಕಾಲು ಗಂಟೆ ಆಯ್ತು. ಆಯಮ್ಮನೂ ಮನೆಗೆ ಹೋಗ್ಬೇಕು."

ಅನುವಿಗೆ ಮೊದಲು ಮಾತೇ ತಲೆಗೆ ಹತ್ತಲಿಲ್ಲ. ಪುಟ್ಟಿ ಎಲ್‌ಕೆಜಿಗೆ ಸೇರಿ ಮೂರನೆಯ ವರ್ಷ. ಅವಳನ್ನು ಕರೆತರುವ ಕೆಲಸ ಅತ್ತೆ ಗಂಗಲಕ್ಷ್ಮಮ್ಮನವರದು. ಶಾಲೆ ಬಿಡುವುದು ಮೂರಕ್ಕಾದರೆ ಎರಡೂ ಮುಕ್ಕಾಲಿಗೇ ಅವರು ಗೇಟಿನೆದುರು ನಿಂತಿರುತ್ತಿದ್ದರು. ಸರ್ಕಾರಿ ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವರು. ಹಾಜರಿ ಪುಸ್ತಕದಲ್ಲಿ ತಮ್ಮ ಹೆಸರಿನೆದುರು ಒಂದೇ ಒಂದು ಕೆಂಪು ಗೆರೆ ಬೀಳಲಿಲ್ಲ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು.

ಅತ್ತೆಯ ನಂಬರಿಗೆ ಮಾಡಿದಳು. ಎರಡು ಸಲ ಗಂಟೆಯಾಗಿ ಕಟ್ಟಾಯಿತು. ಮತ್ತೆ ಮಾಡಿದಾಗ ರೆಕಾರ್ಡಿನ ಹೆಣ್ಣುದನಿ ಬಂತು: 'ನೀವು ಕರೆ ಮಾಡುತ್ತಿರುವ ಚಂದಾದಾರರು ಮತ್ತೊಂದು ಕರೆಯಲ್ಲಿದ್ದಾರೆ.' ಅತ್ತೆಗೆ ಇಷ್ಟು ಹೊತ್ತು ಮಾತಾಡುವವರು ಯಾರೂ ಇರಲಿಲ್ಲ.

ರಾಜಾಜಿನಗರದ ಅಂಗಡಿಯಿಂದ ಆಟೋ ಹಿಡಿದು ಶಾಲೆಗೆ ಹೋಗಿ, ಪುಟ್ಟಿಯನ್ನು ಎತ್ತಿಕೊಂಡು ಗೋವಿಂದರಾಜನಗರದ ಮನೆಗೆ ಬಂದರೆ ಬಾಗಿಲಿಗೆ ಬೀಗ. ಎದುರುಮನೆಯ ರಾಮಮ್ಮ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು.

"ಹನ್ನೆರಡು ಗಂಟೆಗೇ ಹೋದ್ರು ಕಣಮ್ಮ," ಎಂದರು. "ಫೋನನ್ನ ಹಿಂಗೆ ಮುಖದ ಎದುರಿಗೆ ಹಿಡ್ಕೊಂಡೇ ನಡ್ಕೊಂಡು ಹೋದ್ರು. 'ಎಲ್ಲಿಗೆ ಗಂಗಮ್ಮ?' ಅಂದೆ. ತಿರುಗಿ ಸಹ ನೋಡ್ಲಿಲ್ಲ. ಅಳ್ತಾ ಇದ್ರೇನೋ ಅನ್ನಿಸ್ತು. ಮನೆ ವಿಷಯ ಅಂತ ಸುಮ್ನಾದೆ."

ಮನೆ ವಿಷಯ ಎಂದರೆ ಅತ್ತೆ ಸೊಸೆಯ ಜಗಳ ಎಂದು ಅನುವಿಗೆ ತಿಳಿಯಿತು. ತನ್ನ ಕೀಲಿಯಿಂದ ಬೀಗ ತೆಗೆದಳು. ಒಳಗೆ ಬೀರುವಿನ ಬಾಗಿಲು ತೆರೆದಿತ್ತು. ಬ್ಯಾಂಕಿನ ಪಾಸ್‌ಬುಕ್ಕೂ ನಿವೃತ್ತಿಯ ಹಣದ ಬಾಂಡುಗಳೂ ಇದ್ದ ಪ್ಲಾಸ್ಟಿಕ್ ಚೀಲ ಇರಲಿಲ್ಲ. ಊಟದ ಮೇಜಿನ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ಬಿದ್ದಿತ್ತು. ಅದರ ಬೆನ್ನಿಗೆ ಅತ್ತೆಯ ದುಂಡನೆಯ ಅಕ್ಷರ, ಕಾಪಿ ಬರೆದಷ್ಟು ಅಚ್ಚುಕಟ್ಟು: 'ಮುಂಬೈ ಆಫೀಸು. ನನ್ನ ಆಧಾರ್ ಮೇಲೆ ಕೇಸು. ಸಿದ್ದೇಶನ ಹೆಸರೂ ಇದೆ. ಯಾರಿಗೂ ಹೇಳಬಾರದು. ಕ್ಯಾಮೆರಾ ಆಫ್ ಮಾಡಬಾರದು. ಹೇಳಿದರೆ ಸಿದ್ದೇಶನನ್ನು ಇವತ್ತೇ ಕರೆದುಕೊಂಡು ಹೋಗುತ್ತಾರೆ.' ಕೊನೆಯ ಸಾಲಿನಡಿ ಎರಡು ಗೆರೆ ಎಳೆದಿದ್ದರು.

ಗಂಡ ಸಿದ್ದೇಶ್ ಲಿಫ್ಟ್ ಮೆಕ್ಯಾನಿಕ್. ಅವತ್ತು ಹೊಸಕೋಟೆಯ ಆಚೆ ಎಲ್ಲೋ ಕೆಲಸದಲ್ಲಿದ್ದ. ಅನು ಫೋನ್ ಮಾಡಿ ಹಾಳೆಯಲ್ಲಿದ್ದುದನ್ನು ಓದಿ ಹೇಳಿದಳು.

"ನಾನೇನೂ ಮಾಡಿಲ್ಲ ಕಣೇ," ಎಂದ.

"ಗೊತ್ತು ರೀ. ಬನ್ನಿ ಬೇಗ."

"ಎರಡು ಗಂಟೆ ಆಗುತ್ತೆ. ನೀನು ಸ್ಟೇಷನ್ನಿಗೆ ಹೋಗು. ನನಗೆ ಕಾಯ್ಬೇಡ."

ಪುಟ್ಟಿಯನ್ನು ರಾಮಮ್ಮನ ಬಳಿ ಬಿಟ್ಟು ಅವಳು ಠಾಣೆಗೆ ಹೋದಾಗ ಐದು ಗಂಟೆ. ಸಬ್ ಇನ್‌ಸ್ಪೆಕ್ಟರ್ ಶೋಭಾರಾಣಿ ನಲವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಹೆಂಗಸು. ಅನು ಮಾತು ಆರಂಭಿಸುವಾಗ ಅವರು ಬೇರೆ ಯಾವುದೋ ಕಾಗದಕ್ಕೆ ಸಹಿ ಹಾಕುತ್ತಿದ್ದರು. ಕ್ಯಾಲೆಂಡರಿನ ಹಾಳೆ ಓದಿದವರೇ ಪೆನ್ನಿನ ಮುಚ್ಚಳ ಹಾಕಿ ಎದ್ದು ನಿಂತರು.

"ಫೋನ್ ಮಾಡಿದ್ರಾ?"

"ಹತ್ತು ಸಲ ಮಾಡಿದೀನಿ ಮೇಡಂ. ಬೇರೆ ಕಾಲಲ್ಲಿದಾರೆ ಅಂತ ಬರ್ತಿದೆ."

"ಇನ್ನು ಮಾಡ್ಬೇಡಿ. ಆ ಕಡೆ ಒಬ್ಬ ಪೊಲೀಸ್ ಡ್ರೆಸ್ ಹಾಕ್ಕೊಂಡು ವಿಡಿಯೋದಲ್ಲಿ ಕೂತಿದಾನೆ. ಬೆಳಿಗ್ಗೆಯಿಂದ ನಿಮ್ಮ ಅತ್ತೇನ ಕಣ್ಣು ಮಿಟುಕಿಸದಂಗೆ ನೋಡ್ತಿದಾನೆ. ನೀವು ಮಾಡಿದಾಗೆಲ್ಲ ಕಟ್ ಮಾಡಿ ಅಂತಾನೆ. ಜಾಸ್ತಿ ಆದ್ರೆ ಅವ್ರನ್ನ ಇನ್ನೊಂದು ಕಡೆ ಕಳಿಸ್ತಾನೆ." ಹಾಳೆಯ ಮೇಲೆ ಬೆರಳಿಟ್ಟು, "ಮನೇಲೇ ನಿಮ್ಮನ್ನ ಬಂಧಿಸಿದೀವಿ, ಡಿಜಿಟಲ್ ಅರೆಸ್ಟು ಅಂತಾರೆ. ಅಂಥದ್ದೊಂದು ಕಾನೂನೇ ಇಲ್ಲಮ್ಮ. ಆದ್ರೆ ನಂಬಿದೋರಿಗೆ ಅದೇ ಜೈಲು," ಎಂದರು.

ನಂಬರು ಬರೆದುಕೊಂಡರು. ಮೇಲಧಿಕಾರಿಯ ಅನುಮತಿ, ಮೊಬೈಲ್ ಕಂಪನಿಗೆ ಮನವಿ ಎಲ್ಲ ಕಂಪ್ಯೂಟರಿನಲ್ಲೇ ಹೋಯಿತು. ಆಮೇಲೆ ಕಾಯುವುದೊಂದೇ ಕೆಲಸ. ಗೋಡೆಯ ಬೆಂಚಿನ ಮೇಲೆ ಕೂತ ಅನುವಿನ ಪಕ್ಕದಲ್ಲಿ ಸ್ಕೂಟರ್ ಕಳೆದುಕೊಂಡವರೊಬ್ಬರು ಆರ್‌ಸಿ ಪುಸ್ತಕದ ಜೆರಾಕ್ಸ್ ಹಿಡಿದು ತೂಕಡಿಸುತ್ತಿದ್ದರು. ಅತ್ತೆ ಬೆಳಗಿನ ಬಿ.ಪಿ. ಮಾತ್ರೆ ನುಂಗಿದ್ದರೇ? ತಾನು ಎಂಟೂವರೆಗೆ ಹೊರಡುವಾಗ ಅವರು ನಡುಮನೆಯಲ್ಲಿ ಕೂತಿದ್ದರು. 'ಬರ್ತೀನಿ' ಎಂದೂ ಹೇಳದೆ ಹೋಗಿದ್ದಳು. ಎರಡು ದಿನದಿಂದ ಇಬ್ಬರ ನಡುವೆ ಮಾತು ನಿಂತಿತ್ತು.

ಮೂವತ್ತೈದು ನಿಮಿಷದ ಮೇಲೆ ಶೋಭಾರಾಣಿ ಕರೆದರು. ಪರದೆಯ ಮೇಲೆ ಸಾಲುಸಾಲು ಅಂಕಿಗಳಿದ್ದವು.

"ಮಧ್ಯಾಹ್ನ ಹನ್ನೆರಡೂ ಇಪ್ಪತ್ತಕ್ಕೆ ವಿಜಯನಗರದ ಟವರು. ಹನ್ನೆರಡೂ ಮುಕ್ಕಾಲಿಗೆ ನಾಯಂಡಹಳ್ಳಿ. ಮೆಟ್ರೋ ಹತ್ತಿದಾರೆ. ಒಂದೂ ಹತ್ತಕ್ಕೆ ಕೆಂಗೇರಿ. ಅಲ್ಲಿಂದ ಕದಲಿಲ್ಲ. ಕೆಂಗೇರಿಲಿ ನಿಮ್ಮೋರು ಯಾರಾದ್ರೂ ಇದಾರಾ?"

"ಯಾರೂ ಇಲ್ಲ ಮೇಡಂ."

"ಹಂಗಾದ್ರೆ ಲಾಡ್ಜು. ಮನೇಲಿದ್ರೆ ಯಾರಾದ್ರೂ ನೋಡ್ತಾರೆ ಅಂತ ಈಗೀಗ ರೂಮ್ ಮಾಡಿಸ್ತಿದಾರೆ." ಟೋಪಿ ಎತ್ತಿಕೊಂಡರು. "ಟವರು ಅಂದ್ರೆ ಸುತ್ತ ಅರ್ಧ ಕಿಲೋಮೀಟರು. ಅಷ್ಟರಲ್ಲಿ ಹುಡುಕ್ಬೇಕು. ಬನ್ನಿ. ಭೈರೇಶ್, ಗಾಡಿ ತೆಗಿ."

ಮೈಸೂರು ರಸ್ತೆ ಎಂದಿನಂತೆ ಕಿಕ್ಕಿರಿದಿತ್ತು. ಕಾನ್‌ಸ್ಟೇಬಲ್ ಭೈರೇಶ್ ಸೈರನ್ ಹಾಕಿದರೂ ಮುಂದಿದ್ದ ಬಸ್ಸಿಗೆ ಸರಿಯಲು ಜಾಗವಿರಲಿಲ್ಲ. ತಲೆಯ ಮೇಲೆ ಮೆಟ್ರೋ ರೈಲು ಸಲೀಸಾಗಿ ಸಾಗಿಹೋಯಿತು.

"ಇಷ್ಟು ಅವಸರ ಯಾಕೆ ಅಂತ ಕೇಳ್ಲಿಲ್ಲ ನೀವು," ಎಂದರು ಶೋಭಾರಾಣಿ, ಮುಂದೆ ನೋಡುತ್ತಲೇ.

"ದುಡ್ಡು..."

"ದುಡ್ಡು ಹೋದ್ರೆ ಹೋಗ್ಲಿ. ಹೋದ ತಿಂಗಳು ಒಬ್ರು ಮೇಷ್ಟ್ರು, ಹಿಂಗೇ. ಎಲ್ಲಾ ಕಳಿಸಿದ್ಮೇಲೆ ಅವ್ರಿಗೇ ಗೊತ್ತಾಯ್ತು ಮೋಸ ಅಂತ. ಮಕ್ಕಳಿಗೆ ಮುಖ ಹೆಂಗೆ ತೋರಿಸೋದು ಅಂದ್ಕೊಂಡ್ರು. ನಮಗೆ ಲೊಕೇಶನ್ ಸರಿಯಾಗೇ ಸಿಕ್ಕಿತ್ತು. ಹೋಗೋಷ್ಟ್ರಲ್ಲಿ ಕಾಲು ಗಂಟೆ ತಡ ಆಯ್ತು."

ಅನು ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಳು. ಅತ್ತೆ ಯಾರ ಮುಂದೂ ತಪ್ಪೊಪ್ಪಿಕೊಂಡವರಲ್ಲ. ಹಾಲುಕ್ಕಿಸಿದರೂ ಒಲೆಯನ್ನೇ ಬೈಯುವವರು. ಮೋಸಹೋದೆ ಎಂದು ಗೊತ್ತಾದರೆ ಅವರು ಏನು ಮಾಡಿಕೊಳ್ಳಬಹುದೆಂದು ಯೋಚಿಸಲು ಅವಳಿಗೆ ಧೈರ್ಯ ಬರಲಿಲ್ಲ.

"ಆ ಫೋನು ಯಾರು ತೆಗೆಸಿಕೊಟ್ಟಿದ್ದು?" ಶೋಭಾರಾಣಿ ಥಟ್ಟನೆ ಕೇಳಿದರು.

"ನನ್ನ ಹಳೇದು ಮೇಡಂ. ನಾನು ಹೊಸದು ತಗೊಂಡಾಗ ಅದನ್ನ ಅವ್ರಿಗೆ ಕೊಟ್ಟೆ." ಗಾಜು ಬಿರುಕುಬಿಟ್ಟಿದ್ದ ಆ ಫೋನ್ ಕೈಗೆ ಬಂದ ದಿನ ಅತ್ತೆ, 'ಹಳೇದು ಹಳಬರಿಗೆ' ಎಂದಿದ್ದರು.

"ಅದರಲ್ಲಿರೋ ಜಿಮೇಲು?"

ಅನು ಬ್ಯಾಗಿನಿಂದ ತನ್ನ ಫೋನ್ ತೆಗೆದಳು. ಅದನ್ನು ಬದಲಾಯಿಸಿರಲೇ ಇಲ್ಲ. ಅಲ್ಲಿ ಇನ್ನೂ ಇದ್ದದ್ದು ಅವಳದೇ ಖಾತೆ.

ಶೋಭಾರಾಣಿ ಹೇಳಿಕೊಟ್ಟಂತೆ ತನ್ನ ಫೋನಿನಲ್ಲಿ, ಕಳೆದುಹೋದ ಫೋನ್ ಹುಡುಕುವ ಜಾಗ ತೆರೆದಳು. ಎರಡು ಹೆಸರು ಬಂದವು. ಹಳೆಯದನ್ನು ಒತ್ತಿದಾಗ ನಕ್ಷೆ ತೆರೆದು, ಸ್ವಲ್ಪ ತಿಣುಕಿ, ಕೆಂಗೇರಿ ಬಸ್ ನಿಲ್ದಾಣದ ಹಿಂದೆ ಒಂದು ಹಸಿರು ಚುಕ್ಕೆ ಮೂಡಿತು. ಸುತ್ತ ತೆಳುವಾದ ವೃತ್ತ. ಪಕ್ಕದಲ್ಲಿ ಸಣ್ಣಗೆ: ಬ್ಯಾಟರಿ ಶೇಕಡಾ ಹನ್ನೊಂದು.

"ಸಿಕ್ತು! ಮೇಡಂ, ಸಿಕ್ತು!"

"ಮುಚ್ಚಿ. ಪದೇ ಪದೇ ನೋಡ್ಬೇಡಿ. ನೋಡಿದಾಗ ಆ ಫೋನಿಗೂ ಒಂದು ಮೆಸೇಜ್ ಹೋಗಬಹುದು. ಅವನ ಕಣ್ಣಿಗೆ ಬಿದ್ರೆ ಕಷ್ಟ."

"ಬ್ಯಾಟರಿ ಹನ್ನೊಂದೇ ಇದೆ."

ಶೋಭಾರಾಣಿ ಭೈರೇಶನ ಭುಜ ತಟ್ಟಿ, "ಸರ್ವೀಸ್ ರೋಡಿಗೆ ಇಳ್ಸು," ಎಂದರು.

ರಾಜರಾಜೇಶ್ವರಿನಗರದ ಕಮಾನು ದಾಟುವಾಗ ರಾಮಮ್ಮನ ಫೋನ್ ಬಂತು. ಪುಟ್ಟಿ ಅನ್ನ ಬೇಡವೆಂದು ಹಟ ಹಿಡಿದಿದೆಯಂತೆ. "ಬೇಕರಿಯಿಂದ ಏನಾದ್ರೂ ತರಿಸ್ಲಾ?" ಎಂದರು. "ಏನ್ ಕೇಳುತ್ತೋ ಅದನ್ನ ಕೊಡಿ," ಎಂದು ಅನು ಇಟ್ಟುಬಿಟ್ಟಳು. ಜ್ಞಾನಭಾರತಿಯ ಹತ್ತಿರ ಮತ್ತೊಮ್ಮೆ ನೋಡಿದಳು. ಚುಕ್ಕೆ ಅಲ್ಲೇ ಇತ್ತು. ಬ್ಯಾಟರಿ ಆರು. ಕೆಂಗೇರಿ ಉಪನಗರದ ಸಿಗ್ನಲ್ಲಿನಲ್ಲಿ ನಾಲ್ಕು. ಆ ಚುಕ್ಕೆ ಆರಿಹೋದರೆ ಉಳಿಯುವುದು ಟವರಿನ ಸುತ್ತಲ ಅರ್ಧ ಕಿಲೋಮೀಟರು, ಸಾವಿರಾರು ಬಾಗಿಲು. ಸಿಗ್ನಲ್ ಹಸಿರಾಗಿ, ಮತ್ತೆ ಕೆಂಪಾಗಿ, ಮತ್ತೆ ಹಸಿರಾಯಿತು. ಬಸ್ ನಿಲ್ದಾಣದ ಹಿಂದಿನ ಬೀದಿಗೆ ತಿರುಗಿದಾಗ ಶೋಭಾರಾಣಿ, "ಈಗ ನೋಡಿ," ಎಂದರು.

ಒಂಬತ್ತು.

ಅನು ತಪ್ಪು ಓದಿದೆನೇನೋ ಎಂದು ಫೋನನ್ನು ಕಣ್ಣಿನ ಹತ್ತಿರಕ್ಕೆ ಹಿಡಿದಳು. "ಜಾಸ್ತಿ ಆಗಿದೆ ಮೇಡಂ."

"ಚಾರ್ಜಿಗೆ ಹಾಕಿದಾರೆ. ಗೋಡೆ ಪಕ್ಕ ಪ್ಲಗ್ ಇರೋ ಕಡೆ ಕೂತಿದಾರೆ ಅಂದ್ರೆ ರೂಮಲ್ಲೇ ಇದಾರೆ." ಮೊದಲ ಬಾರಿಗೆ ಅವರ ದನಿಯಲ್ಲಿ ಸ್ವಲ್ಪ ಉಸಿರು ಬಂದಂತಿತ್ತು. "ಜೀವಂತ ಇದಾರೆ."

ವೃತ್ತದೊಳಗೆ ಮೂರು ಕಟ್ಟಡಗಳಿದ್ದವು: ಬೀಗ ಹಾಕಿದ್ದ ಕಲ್ಯಾಣ ಮಂಟಪ, ಹುಡುಗರ ಪಿ.ಜಿ., ಟೈರ್ ಅಂಗಡಿಯ ಮೇಲೊಂದು ಲಾಡ್ಜು. ಲಾಡ್ಜಿನ ಕೌಂಟರಿನಲ್ಲಿದ್ದ ಸಂಪತ್ ಎಂಬ ಯುವಕ ಖಾಕಿ ಕಂಡೊಡನೆ ಎದ್ದು ನಿಂತ.

"ವಯಸ್ಸಾದ ಹೆಂಗಸು. ಮಧ್ಯಾಹ್ನ ಬಂದಿರ್ಬೇಕು. ಒಬ್ರೇ," ಎಂದರು ಶೋಭಾರಾಣಿ.

"ಇಲ್ಲ ಮೇಡಂ. ಒಬ್ಬೊಬ್ರೇ ಹೆಂಗಸ್ರಿಗೆ ನಾವು ರೂಮ್ ಕೊಡಲ್ಲ."

"ರಿಜಿಸ್ಟರ್ ಕೊಡಿ."

ಗಂಗಲಕ್ಷ್ಮಮ್ಮ ಎಂಬ ಹೆಸರು ಅದರಲ್ಲಿ ಇರಲಿಲ್ಲ. ಶೋಭಾರಾಣಿ ಪಿ.ಜಿ.ಯ ಕಡೆ ಹೊರಡಲು ತಿರುಗಿದರು. ಅನು ಮಾತ್ರ ಪುಸ್ತಕ ಬಿಡಲಿಲ್ಲ. ಅವಸರದ ಗೀಚುಗಳ ನಡುವೆ ಒಂದು ಸಾಲು ದುಂಡಗಿತ್ತು, ಕಾಪಿ ಬರೆದಷ್ಟು ಅಚ್ಚುಕಟ್ಟು. ಹೆಸರು ಮಾತ್ರ ಬೇರೆ: ರಾಮಮ್ಮ, ಗೋವಿಂದರಾಜನಗರ.

"ಇದು ನಮ್ಮತ್ತೆ ಅಕ್ಷರ," ಎಂದಳು.

ಸಂಪತ್ ಮುಖ ಕಪ್ಪಿಟ್ಟಿತು. "ಮಗ ಆಸ್ಪತ್ರೇಲಿದಾನೆ, ಒಂದು ರಾತ್ರಿ ಇರ್ತೀನಿ ಅಂತ ಅತ್ರು ಮೇಡಂ. ಆಧಾರ್ ಕೇಳಿದ್ದಕ್ಕೆ ತಂದಿಲ್ಲ ಅಂದ್ರು. ನಮ್ಮಮ್ಮನ ವಯಸ್ಸು. ಹೆಂಗೆ ಕಳಿಸ್ಲಿ? ಇನ್ನೂರ ನಾಲ್ಕು. ಊಟಾನೂ ಬೇಡ ಅಂದಿದಾರೆ."

ಎರಡನೆಯ ಮಹಡಿಯ ಓಣಿಯಲ್ಲಿ ಫಿನಾಯಿಲ್ ವಾಸನೆ. ಇನ್ನೂರ ನಾಲ್ಕರ ಬಾಗಿಲಿಗೆ ಕಿವಿಯಿಟ್ಟರೆ ಒಳಗೆ ಗಂಡುದನಿಯೊಂದು ತಣ್ಣಗೆ ಮಾತಾಡುತ್ತಿತ್ತು, ವಾರ್ತೆ ಓದುವವರಷ್ಟು ಶುದ್ಧ ಕನ್ನಡದಲ್ಲಿ. "ಬೆಳಿಗ್ಗೆ ಹತ್ತು ಗಂಟೆಗೆ ಬ್ಯಾಂಕ್ ತೆರೆಯುತ್ತದೆ. ಅಲ್ಲಿಯವರೆಗೆ ನೀವು ಮಲಗುವಂತಿಲ್ಲ. ಅರ್ಥವಾಯಿತೇ?" ಅದಕ್ಕೆ ಉತ್ತರವಾಗಿ "ಆಯ್ತು ಸಾರ್" ಎಂಬ ಸಣ್ಣ ದನಿ. ಅದು ಅತ್ತೆಯದೆಂದು ನಂಬಲು ಅನುವಿಗೆ ಕಷ್ಟವಾಯಿತು.

ಶೋಭಾರಾಣಿ ಬಾಗಿಲು ತಟ್ಟಿದರು. "ಅಮ್ಮಾ, ಪೊಲೀಸು. ಬಾಗಿಲು ತೆಗೀರಿ."

ಒಳಗೆ ಆ ಗಂಡುದನಿ, ಒಂದಿಷ್ಟೂ ಗಾಬರಿಯಿಲ್ಲದೆ, "ನಾನು ಮೊದಲೇ ಹೇಳಿದ್ದೆ. ಇವರು ನಕಲಿ ಪೊಲೀಸರು. ನಿಮ್ಮ ಮಗನನ್ನು ಸಿಕ್ಕಿಸಿದ ಗುಂಪಿನವರು. ತೆರೆಯಬೇಡಿ," ಎಂದಿತು.

"ನಾನು ತೆಗ್ಯಲ್ಲ!" ಗಂಗಲಕ್ಷ್ಮಮ್ಮ ಕೂಗಿದರು. "ನೀವು ಹೋಗಿ! ನಾನು ಸಾಹೇಬ್ರ ಜೊತೆ ಮಾತಾಡ್ತಿದೀನಿ!"

ಸಂಪತ್ ತಂದ ಇನ್ನೊಂದು ಕೀಲಿ ತಿರುಗಿತು. ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಚಿಲಕ. ಭೈರೇಶ್ ಭುಜ ಕೊಡಲು ಮುಂದಾದಾಗ ಶೋಭಾರಾಣಿ ತಡೆದರು. "ರೂಮಿನ ಕಿಟಕಿಗೆ ಸರಳಿದೆಯಾ?" ಎಂದು ಪಿಸುದನಿಯಲ್ಲಿ ಸಂಪತ್‌ನನ್ನು ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ. "ಒಡೆದ್ರೆ ಗಾಬರಿಲಿ ಏನು ಮಾಡ್ಕೊಂಡ್ರೂ ಕಷ್ಟ," ಎನ್ನುತ್ತ ಅನುವಿನ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳಿದರು. "ನೀವು ಮಾತಾಡಿ. ಏನಾದ್ರೂ ಮಾತಾಡಿ."

"ಅತ್ತೆ, ನಾನು ಅನು." ಬಾಗಿಲಿಗೆ ಬಾಯಿ ಹತ್ತಿರ ತಂದಳು. "ಬಾಗಿಲು ತೆಗೀರಿ ಅತ್ತೆ. ನಿಮ್ಮ ಮಗನಿಗೆ ಏನೂ ಆಗಿಲ್ಲ. ದಾರೀಲಿದಾರೆ, ಬರ್ತಿದಾರೆ."

"ದನಿ ಕೃತಕವಾಗಿ ಮಾಡುತ್ತಾರೆ," ಎಂದಿತು ಫೋನು. "ಕಂಪ್ಯೂಟರಿನಲ್ಲಿ ಯಾರ ದನಿ ಬೇಕಾದರೂ ಮಾಡಬಹುದು. ಕಿಟಕಿಯ ಕಡೆ ಹೋಗಿ ನಿಲ್ಲಿ."

ಕುರ್ಚಿ ಸರಿದ ಸದ್ದಾಯಿತು. ಬರಿಗಾಲಿನ ಹೆಜ್ಜೆಗಳು ದೂರ ಸರಿದವು. ಅನು ಬೇಡಿಕೊಂಡಳು, ದೇವರ ಮೇಲೆ ಆಣೆಯಿಟ್ಟಳು, ಅತ್ತಳು. ಒಳಗೆ ಕಿಟಕಿಯ ಬಾಗಿಲು ಕಿರ್ರೆಂದಿತು. ಶೋಭಾರಾಣಿ ಕೈಸನ್ನೆ ಮಾಡಿ ಭೈರೇಶನನ್ನು ಕೆಳಗೆ ರಸ್ತೆಗೆ ಓಡಿಸಿದರು.

ಎರಡು ದಿನದಿಂದ ಒಳಗೇ ಕೂತಿದ್ದ ಸಿಟ್ಟೋ, ಆ ಕಿಟಕಿಯ ಸದ್ದೋ, ಅನುವಿನ ದನಿ ಇದ್ದಕ್ಕಿದ್ದಂತೆ ಏರಿತು. ಅಂಗೈಯಿಂದ ಬಾಗಿಲನ್ನು ಒಂದೇ ಸಮನೆ ಬಡಿಯತೊಡಗಿದಳು.

"ಬರ್ಬೇಡಿ! ಅಲ್ಲೇ ಇರಿ! ಮಗು ಮುಕ್ಕಾಲು ಗಂಟೆ ಗೇಟ್ ಹತ್ರ ನಿಂತಿತ್ತು ಗೊತ್ತಾ? ಮನೆಗೆ ಬಂದ್ರೆ ಅನ್ನಾನೂ ಬೇಡ ಅಂತು. ಬೇಕರಿಯಿಂದ ಪಫ್ಸ್ ತರಿಸಿ ಕೊಟ್ಟಿದೀನಿ. ರಾತ್ರಿಗೂ ಅದೇ. ನಾಳೇನೂ ಅದೇ! ನನಗೆ ಬೇರೆ ಮಾಡೋಕೆ ಟೈಮಿಲ್ಲ!"

ಒಳಗೆ ಹೆಜ್ಜೆ ನಿಂತಿತು.

"ಪಫ್ಸಾ?"

"ಹೂಂ, ಪಫ್ಸು!" ಎಂದಳು ಅನು.

"ಮೈದಾ ಕೊಟ್ಟಿದೀಯೇನೇ ಅದಕ್ಕೆ?" ಗಂಗಲಕ್ಷ್ಮಮ್ಮನ ದನಿ ಬಾಗಿಲಿನತ್ತ ಬರುತ್ತಿತ್ತು. "ನಾಲ್ಕು ದಿನದಿಂದ ಅದಕ್ಕೆ ಹೊಟ್ಟೆ ಕಟ್ಟಿದೆ ಅಂತ ನಾನು ಬಡ್ಕೊಂಡಿದ್ದೇನು? ಆ ಬೇಕರಿ ಸಹವಾಸ ಬೇಡ ಅಂದಿದ್ದಕ್ಕೆ ತಾನೆ ನೀನು ಮುಖ ತಿರುಗಿಸ್ಕೊಂಡು ಓಡಾಡಿದ್ದು? ಹೇಳಿದ್ ಮಾತು ಕೇಳೋ ಪದ್ಧತೀನೇ ಇಲ್ಲ ನಿಂಗೆ!"

"ಬಾಗಿಲ ಹತ್ತಿರ ಹೋಗಬೇಡಿ," ಎಂದಿತು ಫೋನು.

"ತಡೀರಿ ಸಾರ್ ಸ್ವಲ್ಪ," ಎಂದರು ಗಂಗಲಕ್ಷ್ಮಮ್ಮ. ಹಾಗೆ ಹೇಳಿದ್ದೇ ತಡ, ತಾವು ಏನು ಹೇಳಿದೆವೆಂದು ತಮಗೇ ತಿಳಿದಂತೆ ಸುಮ್ಮನಾದರು. ಬಾಗಿಲಿನ ಆಚೆ ಅವರ ಏದುಸಿರು ಕೇಳುತ್ತಿತ್ತು. "ಅನೂ?" ಎಂದರು, ಬಹಳ ಮೆಲ್ಲಗೆ.

"ಹೂಂ ಅತ್ತೆ."

ಚಿಲಕ ಸರಿಯಿತು.

ಶೋಭಾರಾಣಿ ಮೊದಲು ಕಿಟಕಿ ಮುಚ್ಚಿದರು. ಆಮೇಲೆ ನೀರಿನ ಜಗ್ಗಿಗೆ ಒರಗಿಸಿಟ್ಟಿದ್ದ ಫೋನಿನ ಎದುರು ಹೋಗಿ ನಿಂತರು. ಪರದೆಯಲ್ಲಿ ಖಾಕಿ ತೊಟ್ಟವನೊಬ್ಬ, ಹಿಂದೆ ರಾಷ್ಟ್ರಧ್ವಜ, ಮೇಜಿನ ಮೇಲೆ ಫೈಲುಗಳು. ಅವನು ಅಸಲಿ ಖಾಕಿಯನ್ನು ಒಂದು ಗಳಿಗೆ ನೋಡಿದ. ಪರದೆ ಕಪ್ಪಾಯಿತು. ಶೋಭಾರಾಣಿ ಒಡನೆಯೇ ಸೈಬರ್ ಸಹಾಯವಾಣಿಗೆ ಫೋನ್ ಹಚ್ಚಿ, ಮಧ್ಯಾಹ್ನ ಕಳಿಸಿದ್ದ ಹಣದ ವಿವರವನ್ನು ಗಂಗಲಕ್ಷ್ಮಮ್ಮನಿಂದ ಕೇಳಿ ಕೇಳಿ ಹೇಳತೊಡಗಿದರು. ಒಂದು ಸಲದ ಹಣ ಹೋಗಿತ್ತು. ದೊಡ್ಡ ಬಾಂಡುಗಳು ಮರುದಿನ ಬ್ಯಾಂಕಿಗೆ ಹೋಗಲೆಂದು ಚೀಲದಲ್ಲೇ ಇದ್ದವು.

"ಹೋಗಿದ್ದನ್ನ ತಡೆಹಿಡಿಯೋಕೆ ಹೇಳಿದೀನಿ," ಎಂದರು ಅನುವಿನತ್ತ ತಿರುಗಿ. "ಬರುತ್ತೆ ಅಂತ ಮಾತು ಕೊಡಲ್ಲ. ನೋಡೋಣ."

ಗಂಗಲಕ್ಷ್ಮಮ್ಮ ಮಂಚದ ತುದಿಯಲ್ಲಿ, ಬೆನ್ನು ನೆಟ್ಟಗೆ ಮಾಡಿ, ಎರಡು ಕೈಗಳನ್ನೂ ತೊಡೆಯ ಮೇಲಿಟ್ಟು ಕೂತಿದ್ದರು. ಹಾಸಿಗೆಯ ಮೇಲೆ ಒಂದು ಸುಕ್ಕೂ ಇರಲಿಲ್ಲ. ಸಿದ್ದೇಶ್ ಫೋನ್ ಮಾಡಿದಾಗ ಅನು ಅದನ್ನು ಅತ್ತೆಯ ಕಿವಿಗೆ ಹಿಡಿದಳು. "ಅಮ್ಮಾ," ಎನ್ನುವ ಅವನ ದನಿ ಹೊರಗೂ ಕೇಳಿಸಿತು. ಅವರ ಕಣ್ಣಿನಿಂದ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ಅನು ತನ್ನ ದುಪಟ್ಟಾದ ತುದಿಯಿಂದ ಒರೆಸಿದಳು. ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ ಅವರ ಮುಖವನ್ನು ಅವಳು ಮುಟ್ಟಿದ್ದು ಅದೇ ಮೊದಲು.

"ಹೊರಡೋಣ್ವಾ ಅತ್ತೆ? ಕೆಳಗೆ ಜೀಪಿದೆ."

ಅವರು ಏಳಲಿಲ್ಲ. ಶೋಭಾರಾಣಿಯತ್ತ ನೋಡಿದರು, ಆಮೇಲೆ ಅನುವಿನತ್ತ.

"ಬಾತ್‌ರೂಮಿಗೆ ಹೋಗ್ಬೋದಾ?"

ಅನುವಿಗೆ ತಟ್ಟನೆ ಅರ್ಥವಾಗಲಿಲ್ಲ.

"ಅವ್ರು ಬಿಟ್ಟಿರ್ಲಿಲ್ಲ," ಎಂದರು ಗಂಗಲಕ್ಷ್ಮಮ್ಮ, ನೆಲ ನೋಡುತ್ತ. "ಕ್ಯಾಮೆರಾ ಮುಂದಿಂದ ಏಳ್ಬಾರ್ದು ಅಂದಿದ್ರು. ಬೆಳಿಗ್ಗೆಯಿಂದ."

ಶೋಭಾರಾಣಿ ಮುಖ ಆಚೆ ತಿರುಗಿಸಿಕೊಂಡು ಓಣಿಗೆ ಹೋದರು. ಸಂಪತ್‌ನನ್ನೂ ಹೊರಗೆಳೆದುಕೊಂಡು ಬಾಗಿಲು ಮುಂದೆ ಮಾಡಿದರು. ಅನು ಅತ್ತೆಯ ತೋಳು ಹಿಡಿದು ಎಬ್ಬಿಸಿದಳು. ಜೋಮು ಹಿಡಿದ ಕಾಲು ನೆಲ ಕಚ್ಚುತ್ತಿರಲಿಲ್ಲ. ನಾಲ್ಕು ಹೆಜ್ಜೆ ದೂರಕ್ಕೆ ಇಬ್ಬರೂ ಗೋಡೆ ಹಿಡಿದು ಹೋದರು.

ಬಾತ್‌ರೂಮಿನ ಹೊಸ್ತಿಲಲ್ಲಿ ಅವರು ನಿಂತರು. "ನೀನಿಲ್ಲೇ ಇರ್ತೀಯಾ?"

"ಇಲ್ಲೇ ಇರ್ತೀನಿ. ಹೋಗಿ."

ಅವರು ಬಾಗಿಲನ್ನು ಪೂರ್ತಿ ಹಾಕಲಿಲ್ಲ. ಗೇಣಗಲ ಬಿಟ್ಟರು. ಅನು ಅದಕ್ಕೆ ಬೆನ್ನು ಮಾಡಿ, ಚೌಕಟ್ಟಿಗೆ ಒರಗಿ ನಿಂತಳು. ಕಿಟಕಿಯಾಚೆ ಬೀದಿದೀಪಗಳು ಒಂದೊಂದಾಗಿ ಹತ್ತುತ್ತಿದ್ದವು. ಹಿಂದೆ ನಲ್ಲಿ ತಿರುಗಿದ ಸದ್ದಾಯಿತು. ಮೊದಲು ಬರಿಯ ಗಾಳಿ ಕೆಮ್ಮಿ, ಆಮೇಲೆ ಖಾಲಿ ಬಕೆಟ್ಟಿನೊಳಗೆ ನೀರು ಜೋರಾಗಿ ಬೀಳತೊಡಗಿತು.